ಆರು ವರ್ಷದ ಕಾಲಿಗೆ ಎಷ್ಟು ನಿಮಿಷ?

ಬೆಳಿಗ್ಗೆ ಆರು ಗಂಟೆ ಇಪ್ಪತ್ತು ನಿಮಿಷ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸಾಲುಮನೆಗಳ ಕೊನೆಯ ಬಾಗಿಲ ಮುಂದೆ, ಮೆಟ್ಟಿಲ ಮೇಲೆ ಕೂತು, ಐವತ್ತನಾಲ್ಕು ವರ್ಷದ ಒಬ್ಬ ಮಹಿಳೆ ತಮ್ಮ ಕಾಲಿಗೆ ತಾವೇ ಹಗ್ಗ ಕಟ್ಟಿಕೊಳ್ಳುತ್ತಿದ್ದಾರೆ. ಬಿಳಿ ನೂಲಿನ ಹಗ್ಗ. ಒಂದು ಕಣಕಾಲಿನಿಂದ ಇನ್ನೊಂದಕ್ಕೆ ಸರಿಯಾಗಿ ಒಂದು ಮೊಳ. ಗಂಟು ಬಿಗಿಯಾಗಿದೆಯೇ ಎಂದು ಎರಡು ಸಲ ಜಗ್ಗಿ ನೋಡುತ್ತಾರೆ. ಎದ್ದು ನಿಂತು, ಕೊರಳಲ್ಲಿ ನೇತಾಡುವ ಓಟದ ಪಂದ್ಯದ ಗಡಿಯಾರವನ್ನು ಒತ್ತಿ, ಪುಟ್ಟ ಪುಟ್ಟ ಹೆಜ್ಜೆ ಇಡುತ್ತ ಬೀದಿಗಿಳಿಯುತ್ತಾರೆ.

"ಶುರುವಾಯ್ತು ನೋಡಿ ನಮ್ಮ ಮೇಡಂ ಮೆರವಣಿಗೆ," ಎನ್ನುತ್ತಾರೆ ಅವರ ಜೀಪಿನ ಚಾಲಕ. ನಿವೃತ್ತಿಗೆ ಒಂದು ವರ್ಷವಿರುವ ಮನುಷ್ಯ. ಮೇಡಂ ಅವರನ್ನು ಅಣ್ಣ ಎಂದೇ ಕರೆಯುವುದು. "ಮೊದಮೊದಲು ನನಗೆ ನಾಚಿಕೆ ಆಗೋದು ಸಾರ್. ನೋಡಿದ ಜನ ಏನಂತಾರೆ, ಕೆಲಸದ ಒತ್ತಡಕ್ಕೆ ತಲೆ ಕೆಟ್ಟಿದೆ ಅಂತಾರೆ. ಈಗ ಆ ಹಗ್ಗ ಒಗೆದು ಒಣಗಿಸಿ ಇಡೋನೂ ನಾನೇ."

ತಲೆ ಕೆಟ್ಟಿರಬಹುದೇ ಎಂದು ನನಗೂ ಒಂದು ಕ್ಷಣ ಅನ್ನಿಸಿದ್ದು ನಿಜ. ಸುಳ್ಳೇಕೆ ಹೇಳಲಿ? ಭಾನುವಾರದ ಪುರವಣಿಗೆ ಎಲೆಮರೆಯ ಕಾಯಿಯೊಂದನ್ನು ಹುಡುಕಿ ತಾ ಎಂದು ಸಂಪಾದಕರು ಅಟ್ಟಿದ್ದಾರೆ. ಸಿಕ್ಕಿದ್ದು ವಲಯ ಶಿಕ್ಷಣಾಧಿಕಾರಿ. ಅಧಿಕಾರಿಗಳು ಎಲೆಮರೆಯ ಕಾಯಿ ಹೇಗಾದಾರು, ಅವರಿಗೆ ಜೀಪಿದೆ, ಕುರ್ಚಿಯಿದೆ, ಕುರ್ಚಿಯ ಬೆನ್ನಿಗೆ ಟವಲ್ ಇದೆ ಎಂದು ನಾನು ವಾದಿಸಿದ್ದೆ. "ಅವರ ಕೆಲಸ ಏನು ಅಂತ ನಿಮಗೆ ಗೊತ್ತಾ?" ಎಂದರು ಸಂಪಾದಕರು. ಗೊತ್ತಿರಲಿಲ್ಲ. ಒಂದು ಪೂರ್ತಿ ದಿನ ಅವರ ಹಿಂದೆ ಅಲೆದ ಮೇಲೆ ಈಗಲೂ ಸಂಪೂರ್ಣ ಗೊತ್ತಾಗಿದೆ ಎಂದು ಎದೆ ತಟ್ಟಿ ಹೇಳಲಾರೆ. ಅವರಿಗೂ ಗೊತ್ತಿಲ್ಲವಂತೆ. ಅದೊಂದೇ ನನಗಿರುವ ಸಮಾಧಾನ.

ಗೊತ್ತಿರುವಷ್ಟು ಹೇಳುತ್ತೇನೆ. ಈ ವಲಯದಲ್ಲಿ ನೂರ ಮೂವತ್ತೇಳು ಶಾಲೆಗಳಿವೆ, ಆರುನೂರಕ್ಕೂ ಮೇಲೆ ಶಿಕ್ಷಕರು, ಹತ್ತೊಂಬತ್ತು ಸಾವಿರ ಮಕ್ಕಳು. ಅಷ್ಟಕ್ಕೂ ಮೇಡಂ ಒಬ್ಬರೇ ಹೊಣೆ. ಆ ನೂರ ಮೂವತ್ತೇಳರಲ್ಲಿ ಒಂದು ಈ ಸಾಲುಮನೆಗಳ ಬೆನ್ನಿಗಿರುವ ಎರಡು ಕೋಣೆಯ ಶಾಲೆ. ಇಲ್ಲೊಂದು ನೂಲಿನ ಗಿರಣಿ ಇದ್ದಾಗ ಅಲ್ಲಿ ನೂರ ಹನ್ನೆರಡು ಮಕ್ಕಳಿದ್ದರು. ಗಿರಣಿ ನಿಂತಿತು, ಜನ ಚದುರಿದರು, ಉಳಿದವರ ಮನೆಯಲ್ಲಿ ಒಂದೊಂದೇ ಮಗು. ಈಗ ಒಂಬತ್ತು ಮಕ್ಕಳು, ಒಬ್ಬ ಮೇಷ್ಟ್ರು. ಹೆದ್ದಾರಿಯ ಆಚೆ ಹೊಸ ಬಹುಮಹಡಿ ಕಟ್ಟಡಗಳು ಎದ್ದಿವೆ. ಅಲ್ಲಿನ ದೊಡ್ಡ ಶಾಲೆಯಲ್ಲಿ ಒಂದನೇ ತರಗತಿಯೊಂದರಲ್ಲೇ ಐವತ್ತೆಂಟು ಮಕ್ಕಳು. ಚಿಕ್ಕ ಶಾಲೆಯನ್ನು ಮುಚ್ಚಿ ಒಂಬತ್ತು ಮಕ್ಕಳನ್ನು ದೊಡ್ಡದಕ್ಕೆ ಸೇರಿಸಬಹುದೇ ಎಂದು ಮೇಲಿನ ಕಚೇರಿ ಕೇಳಿದೆ. ನಮೂನೆಯಲ್ಲಿ ಎರಡು ಚೌಕಗಳಿವೆ: ಮುಚ್ಚಬಹುದು, ಮುಚ್ಚಬಾರದು. ಇವತ್ತು ಸಂಜೆ ಐದರೊಳಗೆ ಮೇಡಂ ಒಂದರಲ್ಲಿ ಗುರುತು ಹಾಕಿ ಸಹಿ ಮಾಡಬೇಕು.

ನಿಯಮ ಸರಳ. ಚಿಕ್ಕ ಮಕ್ಕಳಿಗೆ ಶಾಲೆ ಮೂವತ್ತು ನಿಮಿಷದ ನಡಿಗೆಯೊಳಗಿರಬೇಕು. ಅತಿ ದೂರದ ಮನೆಯಿಂದ ಮೂವತ್ತರೊಳಗೆ ಬಂದರೆ ಮುಚ್ಚಬಹುದು, ಮೀರಿದರೆ ಮುಚ್ಚುವಂತಿಲ್ಲ. ಕಂಪ್ಯೂಟರಿನ ನಕ್ಷೆ ಹನ್ನೆರಡು ನಿಮಿಷ ಎನ್ನುತ್ತದೆ. ಅದು ಹೆದ್ದಾರಿಯನ್ನು ಹಕ್ಕಿಯ ಹಾಗೆ ದಾಟುತ್ತದೆ. ನೆಲದ ಮೇಲಿನವರು ಮೇಲ್ಸೇತುವೆ ಹತ್ತಿ ಇಳಿಯಬೇಕು. ಹತ್ತಲು ಅರವತ್ತನಾಲ್ಕು ಮೆಟ್ಟಿಲು, ಇಳಿಯಲು ಅಷ್ಟೇ.

ಮೇಡಂ ಹಗ್ಗದ ಹೆಜ್ಜೆಯಲ್ಲಿ ಅದನ್ನು ಹತ್ತುತ್ತಿದ್ದಾರೆ. ನಾನು ಪಕ್ಕದಲ್ಲಿ ಆರಾಮಾಗಿ ನಡೆಯುತ್ತ, ಇದೆಲ್ಲ ಯಾಕೆ ಎಂದು ಕೇಳುತ್ತೇನೆ. ಅವರು ನಿಲ್ಲುವುದಿಲ್ಲ, ಏದುಸಿರಲ್ಲೇ ಹೇಳುತ್ತಾರೆ.

"ಎರಡು ವರ್ಷದ ಹಿಂದೆ ಹೀಗೇ ಒಂದು ಶಾಲೆ ಮುಚ್ಚಿಸಿದೆ. ಬೇರೆಯವರಾದ್ರೆ ನಕ್ಷೆ ನೋಡಿ ಬರೆದು ಕಳಿಸ್ತಾರೆ, ನಾನು ಹಾಗಲ್ಲ ಅಂತ ನನಗೊಂದು ಜಂಬ. ನಾನೇ ನಡೆದು ನೋಡಿದೆ. ಇಪ್ಪತ್ತೆರಡು ನಿಮಿಷ. ಬರೆದೆ, ಸಹಿ ಹಾಕಿದೆ. ಹನ್ನೊಂದು ಮಕ್ಕಳು ಹೊಸ ಶಾಲೆಗೆ ಹೋದರು. ತಿಂಗಳು ಕಳೆಯೋದರೊಳಗೆ ಮೂವರು ಬಿಟ್ಟರು. ಒಂದೇ ಮನೆಯವರು, ಇಬ್ಬರು ಹುಡುಗರು, ಒಬ್ಬಳು ತಂಗಿ. ಆಮೇಲೆ ಹೊಳೀತು, ಅಯ್ಯೋ, ನಡೆದಿದ್ದು ನನ್ನ ಕಾಲು, ಅವರದ್ದಲ್ಲ. ನನ್ನ ಉದ್ದ ನೋಡಿ! ನಾನು ಒಂದು ಹೆಜ್ಜೆ ಇಡೋ ಕಡೆ ಆ ತಂಗಿ ಎರಡಿಡ್ಬೇಕು. ಅವತ್ತಿಂದ ಈ ಹಗ್ಗ."

ಆ ಮೂವರು ಈಗ ಎಲ್ಲಿದ್ದಾರೆ? "ಅದೇ ಗೊತ್ತಿಲ್ಲ. ಹುಡುಕಿಕೊಂಡು ಹೋಗೋದರೊಳಗೆ ಮನೆ ಖಾಲಿ. ಅಪ್ಪ ಕಟ್ಟಡ ಕೆಲಸದವನು, ಕೆಲಸ ಇರೋ ಕಡೆ ಹೋದ." ಇನ್ನೆರಡು ಮೆಟ್ಟಿಲು ಹತ್ತುತ್ತಾರೆ. "ಆದ್ರೆ ಒಂದು ವಿಷಯದ ತಲೆಬುಡ ಇವತ್ತಿಗೂ ಅರ್ಥ ಆಗಿಲ್ಲ ನನಗೆ. ಅವರ ಹಾಜರಿ ತೆಗೆಸಿ ನೋಡಿದೆ. ಹತ್ತೊಂಬತ್ತು ದಿನ ಬಂದಿದ್ದಾರೆ. ಹತ್ತೊಂಬತ್ತು ದಿನವೂ ಬೆಲ್ಲಿಗೆ ಮುಂಚೆ. ಒಂದು ದಿನ ತಡ ಇಲ್ಲ! ದಾರಿ ದೂರ ಆಗಿದ್ರೆ ತಡ ಆಗಬೇಕಿತ್ತಲ್ವಾ? ಮತ್ಯಾಕೆ ಬಿಟ್ಟರು?"

ದೊಡ್ಡ ಶಾಲೆಯ ಗೇಟಿನಲ್ಲಿ ಗಡಿಯಾರ ನಿಲ್ಲುತ್ತದೆ. ಮೂವತ್ತೆಂಟು ನಿಮಿಷ.

ಅಂದರೆ ಶಾಲೆ ಉಳಿಯಿತು ಎಂದು ನಾನು ಖುಷಿಯಿಂದ ಟಿಪ್ಪಣಿ ಪುಸ್ತಕ ಮಡಚುತ್ತೇನೆ. ಮೇಡಂ ನನ್ನ ಮುಖ ನೋಡಿ ನಗುತ್ತಾರೆ. ಚೀಲದಿಂದ ಒಂದು ಪತ್ರ ತೆಗೆದು ತೋರಿಸುತ್ತಾರೆ. ಮೇಲಿನ ಕಚೇರಿಯದು, ಹೋದ ತಿಂಗಳಿನದು. ಅದರ ನಾಲ್ಕನೇ ಸಾಲು: "ಹಗ್ಗವು ಮಾನ್ಯತೆ ಪಡೆದ ಅಳತೆಯ ಸಾಧನವಲ್ಲ."

"ಅದಕ್ಕೇ ಇವತ್ತು ಮಗುವನ್ನೇ ನಡೆಸ್ತೀನಿ," ಎನ್ನುತ್ತಾರೆ. "ಮಗುಗೂ ಮಾನ್ಯತೆ ಇಲ್ಲ ಅಂದ್ರೆ ನೋಡೋಣ."

ಜೀಪಿನಲ್ಲಿ ಮತ್ತೆ ಸಾಲುಮನೆಗಳ ಕೊನೆಯ ಬಾಗಿಲಿಗೆ ಬರುತ್ತೇವೆ. ಅತಿ ದೂರದ ಮಗು ಇರುವುದು ಇಲ್ಲೇ. ಆರು ವರ್ಷದ ಹುಡುಗಿ, ಮುಂದಿನ ಎರಡು ಹಲ್ಲಿಲ್ಲ, ಮನೆಯವರು ಕರೆಯುವುದು ಪುಟಾಣಿ. ಮೊನ್ನೆಯೇ ಒಪ್ಪಿಗೆ ಪಡೆದಾಗಿದೆ: ಇವತ್ತೊಂದು ದಿನ ಪುಟಾಣಿ ದೊಡ್ಡ ಶಾಲೆಯ ಅತಿಥಿ. ಅಮ್ಮ ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸದವರು. ಬಸ್ಸು ಹೆದ್ದಾರಿಯ ಆಚೆಯೇ ನಿಲ್ಲುವುದರಿಂದ ಮಗಳ ಜೊತೆಗೇ ಹೊರಟು ನಿಂತಿದ್ದಾರೆ. ಅಜ್ಜಿ ಮಂಡಿ ಹಿಡಿದುಕೊಂಡು ಬಾಗಿಲಲ್ಲಿ ಕೂತಿದ್ದಾರೆ, ಮುಖ ಗಂಟು ಹಾಕಿಕೊಂಡು.

ಚಿಕ್ಕ ಶಾಲೆ ಉಳಿಯಲಿ ಎಂದು ಎಲ್ಲರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿರುತ್ತಾರೆ ಎಂದುಕೊಂಡಿದ್ದೆ. ನನ್ನ ಲೆಕ್ಕಾಚಾರ ಇಲ್ಲೇ ಮೊದಲ ಸಲ ತಲೆಕೆಳಗಾಯಿತು.

"ಮುಚ್ಚಲಿ ಬಿಡಿ ಮೇಡಂ," ಎನ್ನುತ್ತಾರೆ ಅಮ್ಮ, ಮಗಳ ಜಡೆ ಬಿಗಿಯುತ್ತ. "ನನ್ನ ಮಗಳ ತರಗತೀಲಿ ಇರೋದು ಅವಳೂ ಇನ್ನೊಬ್ಬನೂ. ಅವನಿಗೆ ಜ್ವರ ಬಂದ್ರೆ ಇವಳಿಗೆ ಮಾತಾಡೋಕೂ ಜನ ಇಲ್ಲ. ಮೇಷ್ಟ್ರು ಪಾಪ, ಐದು ತರಗತಿಗೆ ಒಬ್ಬರೇ ಬಡ್ಕೋತಾರೆ. ನಾನಂತೂ ಪೊರಕೆ ಹಿಡಿದೆ, ಇವಳೂ ಹಿಡಿಯೋದು ಬೇಡ."

"ನೀನು ಏಳಕ್ಕೆ ಹೋಗೋಳು, ಬರೋದು ಕತ್ತಲಾದ ಮೇಲೆ," ಎಂದು ಅಜ್ಜಿ ಎಗರಿ ಬೀಳುತ್ತಾರೆ. "ಮಧ್ಯಾಹ್ನ ಆ ಸೇತುವೆ ಹತ್ತಿ ಇದನ್ನ ಕರ್ಕೊಂಡು ಬರೋರು ಯಾರು? ನನ್ನ ಮಂಡಿ ಬರುತ್ತಾ? ಇಲ್ಲಿ ಶಾಲೆ ಬಿಟ್ರೆ ನಾನು ಒಂದು ಕೂಗು ಹಾಕಿದ್ರೆ ಸಾಕು, ಮನೇಲಿರುತ್ತೆ ಮಗು."

"ನೀವು ಕೂಗೋದು ಅವಳಿಗೆ ಪಾಠದ ಮಧ್ಯದಲ್ಲೂ ಕೇಳಿಸುತ್ತೆ ಅತ್ತೆ, ಅದೇ ತೊಂದರೆ," ಎನ್ನುತ್ತಾರೆ ಸೊಸೆ. ಅಜ್ಜಿಗೂ ನಗು ತಡೆಯಲಾಗುವುದಿಲ್ಲ. ಮೇಡಂ ಇಬ್ಬರ ಮುಖವನ್ನೂ ಸರದಿಯಲ್ಲಿ ನೋಡಿ, ಗಡಿಯಾರ ಒತ್ತುತ್ತಾರೆ.

ಪುಟಾಣಿ ನಡೆಯುವುದಿಲ್ಲ. ಹಾರುತ್ತಾಳೆ. ಅಮ್ಮನಿಗೆ ಬಸ್ಸಿನ ಆತುರ, ಇವಳಿಗೆ ಹೊಸ ಶಾಲೆಯ ಆತುರ. ಮೇಲ್ಸೇತುವೆಯ ಮೆಟ್ಟಿಲುಗಳನ್ನು ಅಮ್ಮನಿಗಿಂತ ಮುಂಚೆ ಹತ್ತಿ, ಮೇಲಿಂದ "ನಾನು ಫಸ್ಟು!" ಎಂದು ಕಿರುಚುತ್ತಾಳೆ. ಕೆಳಗೆ ಓಡುವ ಲಾರಿಗಳನ್ನು ಹದಿನಾರರವರೆಗೆ ಎಣಿಸಿ, ಹದಿನೇಳು ಮರೆತು, ಮತ್ತೆ ಓಡುತ್ತಾಳೆ. ಗೇಟಿಗೆ ಬಂದಾಗ ಮೇಡಂ ಗಡಿಯಾರ ನೋಡುತ್ತಾರೆ, ಅಲ್ಲಾಡಿಸುತ್ತಾರೆ, ಮತ್ತೆ ನೋಡುತ್ತಾರೆ. ಇಪ್ಪತ್ತಾರು ನಿಮಿಷ.

"ಇಪ್ಪತ್ತಾರಾ?" ಎಂದು ನಾನೂ ಕೇಳುತ್ತೇನೆ.

"ಇಪ್ಪತ್ತಾರು," ಎನ್ನುತ್ತಾರೆ ಮೇಡಂ. ಅವರ ಮುಖ ನೋಡಲಾಗುವುದಿಲ್ಲ. ಎರಡು ವರ್ಷ ನಂಬಿದ ಹಗ್ಗ ಸುಳ್ಳು ಹೇಳಿತೇ? ಹಗ್ಗದ ಲೆಕ್ಕಕ್ಕೆ ಶಾಲೆ ಉಳಿಯಬೇಕು, ಮಗುವಿನ ಲೆಕ್ಕಕ್ಕೆ ಮುಚ್ಚಬೇಕು. ಮಗುವೇ ನಿಜ, ಹಗ್ಗವಲ್ಲ. ಮಗಳ ಬೆನ್ನು ತಟ್ಟಿ ಅಮ್ಮ ಬಸ್ಸಿಗೆ ಓಡುತ್ತಾರೆ, ಗೆದ್ದವರ ಹಾಗೆ. ಮೇಡಂ ಹಗ್ಗವನ್ನು ಸುರುಳಿ ಸುತ್ತಿ ಚೀಲಕ್ಕೆ ತುರುಕುತ್ತಾರೆ. ಚಾಲಕರು ಮಾತ್ರ ಒಂದು ಮಾತು ಹೇಳುತ್ತಾರೆ: "ಚಹಾ ಕುಡಿಯೋಣ ನಡೀರಿ ಮೇಡಂ."

ಕಚೇರಿ ತಲುಪಿದಾಗ ಒಂಬತ್ತಾಗಿರುತ್ತದೆ. ಒಂದು ಉದ್ದನೆಯ ಕೋಣೆ, ಗೋಡೆಗೆ ಒರಗಿಸಿದ ನಾಲ್ಕು ಕಪಾಟು, ಬಾಗಿಲು ಮುಚ್ಚಿಕೊಳ್ಳದಂತೆ ಇಟ್ಟ ಇಟ್ಟಿಗೆ. ಕುರ್ಚಿಯ ಬೆನ್ನಿಗೆ ಟವಲ್ ಇಲ್ಲ, ನಾನು ಮೊದಲು ಅದನ್ನೇ ನೋಡಿದೆ. ಮೇಜಿನ ಮೇಲೆ ಫೋನು ಕಂಪಿಸುತ್ತ ತಾನೇ ಅಂಚಿನತ್ತ ಸರಿಯುತ್ತಿದೆ. ಅದರಲ್ಲಿ ಪೋಷಕರ ನಲವತ್ತೊಂದು ಗುಂಪುಗಳಿವೆ. ಬೆಳಗಿನಿಂದ ಬಂದ ಸಂದೇಶ ಮುನ್ನೂರ ಹನ್ನೆರಡು.

ಅವುಗಳಲ್ಲಿ ಕೆಲವನ್ನು ಅವರು ನನಗೆ ಓದಿ ಹೇಳುತ್ತಾರೆ. ಒಬ್ಬ ತಂದೆಗೆ ತರಗತಿಯ ವಿಡಿಯೋ ಗಂಟೆಗೊಮ್ಮೆ ಬೇಕು. ಒಬ್ಬ ತಾಯಿಗೆ ತನ್ನ ಮಗುವಿನ ಚಿತ್ರ ಯಾರೂ ತೆಗೆಯಬಾರದು. ಇಬ್ಬರೂ ಒಂದೇ ತರಗತಿಯವರು. ಒಂದು ಶಾಲೆಗೆ ಬಂದ ಹೊಸ ಹುಡುಗಿಯ ಮನೆಮಾತು ಅಲ್ಲಿನ ಯಾವ ಶಿಕ್ಷಕರಿಗೂ ಬರುವುದಿಲ್ಲ. ಅವಳು ಮೂರು ವಾರದಿಂದ ಸುಮ್ಮನೆ ಕೂತಿದ್ದಾಳೆ. ಒಬ್ಬ ಹುಡುಗ ಮೊದಲನೇ ಪಾಠದಲ್ಲೇ ನಿದ್ದೆ ಹೋಗುತ್ತಾನೆ, ಫೋನಿನಲ್ಲಿ ಆಟ ಆಡಿ. ಬುದ್ಧಿ ಹೇಳೋಣವೆಂದು ಅವನಪ್ಪನನ್ನು ಕರೆಸಿದರೆ ಅಪ್ಪನೂ ಆಕಳಿಸುತ್ತಾನೆ. ಇನ್ನೊಂದು ಗುಂಪಿನಲ್ಲಿ ಗಿರಣಿ ಬಳಿಯ ಶಾಲೆ ಆಗಲೇ ಮುಚ್ಚಿಯಾಯಿತು ಎಂಬ ಸುದ್ದಿ ಹಬ್ಬಿದೆ. ಅದಕ್ಕೆ ಹದಿನೇಳು ಜನ ಚಪ್ಪಾಳೆಯ ಚಿಹ್ನೆ ಒತ್ತಿದ್ದಾರೆ, ಹದಿನೆಂಟು ಜನ ಕಣ್ಣೀರು.

"ನಾನು ಕೆಲಸಕ್ಕೆ ಸೇರಿದಾಗ ಒಬ್ಬರು ಹಳೇ ಸಾಹೇಬರಿದ್ರು," ಎನ್ನುತ್ತಾರೆ ಮೇಡಂ. "ವರ್ಷಕ್ಕೆ ಎರಡು ಸಲ ಶಾಲೆಗೆ ಬರೋರು. ಬರ್ತಾರೆ ಅಂದ್ರೆ ಗೋಡೆಗೆ ಸುಣ್ಣ, ಮಕ್ಕಳ ತಲೆಗೆ ಎಣ್ಣೆ. ಎರಡು ಲೆಕ್ಕ ಕೇಳಿ, ಅಕ್ಷರ ದುಂಡಗಿದೆಯಾ ನೋಡಿ, ಮೇಷ್ಟ್ರಿಗೆ ಬೈದು ಹೊರಟ್ರೆ ಮುಗೀತು. ಯಾರೂ ತುಟಿ ಪಿಟಕ್ ಅಂತಿರಲಿಲ್ಲ. ಅವರಿಗೆ ಸಿಗ್ತಿದ್ದಿದ್ದು ಭಯ. ನನಗೆ ಸಿಗೋದು ಮೆಸೇಜು."

ಹಾಗಾದರೆ ಅವರ ಕಾಲವೇ ಚೆನ್ನಾಗಿತ್ತೇ ಎಂದು ಕೇಳುತ್ತೇನೆ.

"ಹಾಗಂತ ಹೇಳಿದ್ರೆ ನಾಲಿಗೆ ಬಿದ್ದುಹೋಗುತ್ತೆ. ನಮ್ಮಮ್ಮ ನನ್ನ ಶಾಲೆ ಬಾಗಿಲಿನ ತನಕ ಬಂದವಳಲ್ಲ, ಒಳಗೆ ಬರೋಕೆ ಹೆದರೋಳು. ಈಗಿನ ತಾಯಂದಿರು ನನ್ನ ಮೇಜು ಕುಟ್ಟಿ ಕೇಳ್ತಾರೆ. ಅದು ಒಳ್ಳೇದೇ ಅಲ್ವಾ? ಒಳ್ಳೇದೇ. ಆದ್ರೆ ನಲವತ್ತೊಂದು ಗುಂಪು ಒಟ್ಟಿಗೆ ಕುಟ್ಟಿದ್ರೆ ಮೇಜು ಎಲ್ಲಿ ಉಳಿಯುತ್ತೆ?"

ಈ ಕೆಲಸದಲ್ಲಿ ಪಾಠ ನೋಡುವುದಕ್ಕೆ ಎಷ್ಟು ಹೊತ್ತು ಸಿಗುತ್ತದೆ ಎಂದು ವಿಚಾರಿಸಿದೆ. ಅವರು ಗೋಡೆಯ ಕ್ಯಾಲೆಂಡರಿನ ಕಡೆ ನೋಡಿ, ಮನಸ್ಸಿನಲ್ಲೇ ಎಣಿಸಿ, ಹೋದ ವಾರ ನಲವತ್ತು ನಿಮಿಷ ಎಂದರು. ಉಳಿದದ್ದು? ವ್ಯಾನುಗಳ ದಾರಿ ಗೊತ್ತುಮಾಡುವುದು, ಗಂಡ ಹೆಂಡತಿ ಬೇರೆಯಾದ ಮನೆಯ ಮಗುವನ್ನು ಶಾಲೆ ಬಿಟ್ಟ ಮೇಲೆ ಯಾರ ಜೊತೆ ಕಳಿಸಬೇಕೆಂದು ತೀರ್ಮಾನಿಸುವುದು, ಸುಳ್ಳು ಸುದ್ದಿಗೆ ಉತ್ತರ ಬರೆಯುವುದು, ಅಳುವ ಮೇಷ್ಟ್ರಿಗೆ ಸಮಾಧಾನ ಹೇಳುವುದು. ನಾನು ಅಲ್ಲಿದ್ದಾಗಲೇ ಗಿರಣಿ ಶಾಲೆಯ ಮೇಷ್ಟ್ರು ಫೋನು ಮಾಡಿ, ತೀರ್ಮಾನ ಏನಾಯಿತು ಎಂದು ಕೇಳುತ್ತಾರೆ. ನಿಮ್ಮ ಅಭಿಪ್ರಾಯ ಏನು ಎಂದು ಮೇಡಂ ತಿರುಗಿ ಕೇಳುತ್ತಾರೆ. "ನನಗೆ ಗೊತ್ತಾಗ್ತಿಲ್ಲ ಮೇಡಂ," ಎನ್ನುತ್ತದೆ ಆ ಕಡೆಯ ದನಿ. "ಒಂದು ದಿನ ಮುಚ್ಚಿದ್ರೆ ಸಾಕಪ್ಪ ಅನ್ನಿಸುತ್ತೆ. ಮಾರನೇ ದಿನ ಈ ಒಂಬತ್ತು ಮುಖ ನೋಡಿದ್ರೆ ಬೇಡ ಅನ್ನಿಸುತ್ತೆ."

"ನಿಮಗೆ ಗೊತ್ತಾಗಲ್ಲ, ನನಗೂ ಗೊತ್ತಾಗಲ್ಲ. ಐದು ಗಂಟೆಗೆ ಮಾತ್ರ ಎಲ್ಲ ಗೊತ್ತು," ಎಂದು ಮೇಡಂ ಫೋನಿಡುತ್ತಾರೆ.

ನಮೂನೆ ಮೇಜಿನ ಮೇಲೆ ಬಿಚ್ಚಿಕೊಂಡೇ ಇದೆ. ಮೇಡಂ ಮೂರು ಸಲ ಪೆನ್ನು ಕೈಗೆತ್ತಿಕೊಂಡು ಮೂರು ಸಲವೂ ಕೆಳಗಿಟ್ಟರು. ಇಪ್ಪತ್ತಾರು ಎಂದು ಬರೆಯುವುದೊಂದೇ ಬಾಕಿ. ನಿಯಮ, ನಕ್ಷೆ, ಮಗು, ತಾಯಿ ಎಲ್ಲ ಒಂದೇ ಕಡೆ. ಈ ಕಡೆ ಉಳಿದವರು ಮಂಡಿ ನೋವಿನ ಒಬ್ಬ ಅಜ್ಜಿ, ಹತ್ತೊಂಬತ್ತು ದಿನದ ಒಂದು ಹಾಜರಿ ಪಟ್ಟಿ. ಮೂವರ ಆ ಪಟ್ಟಿಯ ನಕಲನ್ನು ಅವರು ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದಾರೆ. ಬೇರೆ ಅಧಿಕಾರಿಗಳು ಅಲ್ಲಿ ಮಕ್ಕಳ ಮದುವೆಯ ಫೋಟೋ ಇಡುತ್ತಾರೆ.

ಎರಡೂಕಾಲಿಗೆ ಮೇಡಂ ಎದ್ದು ನಿಲ್ಲುತ್ತಾರೆ. ಎರಡೂವರೆಗೆ ದೊಡ್ಡ ಶಾಲೆ ಬಿಡುತ್ತದೆ, ಪುಟಾಣಿಯನ್ನು ಮನೆಗೆ ತಲುಪಿಸಬೇಕು. ಜೀಪಿನಲ್ಲಿ ಕೂರಿಸಿಕೊಂಡು ಬಿಟ್ಟುಬಂದರಾಯಿತು ಎನ್ನುತ್ತಾರೆ ಚಾಲಕರು. ಹಾಗೆಯೇ ಆಗುವುದಿತ್ತು. ಆದರೆ ಗೇಟಿನ ಹೊರಗೆ ಬಂದ ಪುಟಾಣಿ ಜೀಪಿನ ಕಡೆ ನೋಡುವುದೂ ಇಲ್ಲ, ಬೆಳಿಗ್ಗೆ ಬಂದ ದಾರಿಯಲ್ಲೇ ತನ್ನ ಪಾಡಿಗೆ ಹೊರಡುತ್ತಾಳೆ. ಅವಳ ಲೆಕ್ಕದಲ್ಲಿ ಶಾಲೆಗೆ ನಡೆದು ಬಂದವರು ನಡೆದೇ ಹೋಗಬೇಕು. ಮೇಡಂ ಚಾಲಕರಿಗೆ ಕೈ ಅಡ್ಡ ಹಿಡಿದು, ಒಂದು ಕ್ಷಣ ಯೋಚಿಸಿ, ಗಡಿಯಾರ ಒತ್ತುತ್ತಾರೆ.

"ಅಣ್ಣ, ಜೀಪು ಇಲ್ಲೇ ಇರಲಿ, ಹಿಂದೆ ನಡೆದು ಬನ್ನಿ. ಕರೀಬೇಡಿ, ಎತ್ಕೋಬೇಡಿ, ಆತುರ ಮಾಡಬೇಡಿ. ಹತ್ತು ಹೆಜ್ಜೆ ಹಿಂದೆ."

ಬೆಳಗಿನ ಹುಡುಗಿ ಇವಳಲ್ಲ. ಶಾಲೆಯವರು ಪ್ರೀತಿಯಿಂದ ಕೊಟ್ಟ ಪುಸ್ತಕಗಳು ಚೀಲದಲ್ಲಿವೆ, ಚೀಲ ಬೆನ್ನಿನಿಂದ ಕೆಳಗೆ ಜಾರಿ ತೊಡೆಗೆ ಬಡಿಯುತ್ತಿದೆ. ಮುಂದೆ ಓಡುವ ಅಮ್ಮ ಇಲ್ಲ. ಬಿಸಿಲು ನೆತ್ತಿಗೆ ಹೊಡೆಯುತ್ತಿದೆ. ಸೇತುವೆಯ ಇಪ್ಪತ್ತನೇ ಮೆಟ್ಟಿಲಲ್ಲಿ ಅವಳು ಕೂರುತ್ತಾಳೆ. ಎದ್ದು, ನಲವತ್ತರಲ್ಲಿ ಮತ್ತೆ ಕೂರುತ್ತಾಳೆ. ಈಗ ಲಾರಿಗಳನ್ನು ಎಣಿಸುವುದಿಲ್ಲ. ತಿರುಗಿ ನಮ್ಮನ್ನು ನೋಡಿ, "ಇನ್ನೂ ಎಷ್ಟಿದೆ?" ಎಂದು ಕೇಳುತ್ತಾಳೆ. ಹೇಳಲು ಬಾಯಿ ತೆರೆದ ನನ್ನನ್ನು ಮೇಡಂ ಕೈಸನ್ನೆಯಲ್ಲೇ ತಡೆಯುತ್ತಾರೆ.

"ಮೇಡಂ, ನಿಮ್ಮದು ಎಂಥಾ ಕಲ್ಲು ಹೃದಯ ರೀ!" ಎನ್ನುತ್ತಾರೆ ಚಾಲಕರು, ಮೆಲ್ಲಗೆ ಅಲ್ಲ. "ಮಗು ಅಳ್ತಿದೆ. ನಾನು ಎತ್ಕೋತೀನಿ, ಏನ್ ಮಾಡ್ತೀರೋ ಮಾಡಿ."

"ಅಣ್ಣ, ಕೈ ಮುಗೀತೀನಿ. ದಿನಾ ನೀವು ಬರ್ತೀರಾ ಎತ್ಕೊಳ್ಳೋಕೆ?" ಎನ್ನುತ್ತಾರೆ ಮೇಡಂ. ಅವರ ಕಣ್ಣೂ ಒದ್ದೆಯೇ. ಆದರೆ ಕೈ ಗಡಿಯಾರದ ಮೇಲಿದೆ.

ಸೇತುವೆ ಇಳಿದ ಮೇಲೆ ಗೋದಾಮಿನ ಗೋಡೆಯ ಉದ್ದಕ್ಕೂ ನೆರಳಿಲ್ಲ. ಪುಟಾಣಿ ಚೀಲವನ್ನು ನೆಲದ ಮೇಲೆ ಎಳೆಯುತ್ತಾಳೆ. ಒಂದು ಚಪ್ಪಲಿ ಬಿಚ್ಚಿ, ಕಲ್ಲು ತೆಗೆದು, ಹಾಕಿಕೊಳ್ಳಲು ಮರೆತು, ನಾಲ್ಕು ಹೆಜ್ಜೆ ಹೋಗಿ ವಾಪಸ್ ಬರುತ್ತಾಳೆ. ಮನೆಯ ಬೀದಿಯ ತಿರುವಿನಲ್ಲಿ ಅಜ್ಜಿ ಗೋಡೆ ಹಿಡಿದುಕೊಂಡು ನಿಂತಿದ್ದಾರೆ. ಅಲ್ಲಿಯವರೆಗೆ ಆ ಮಂಡಿ ಹೇಗೆ ಬಂತೋ. ಬಾಗಿಲು ಮುಟ್ಟಿದಾಗ ಗಡಿಯಾರ ನಿಲ್ಲುತ್ತದೆ. ಮರುಕ್ಷಣವೇ ಮೇಡಂ ಮಗುವನ್ನು ಬಾಚಿ ಎತ್ತಿಕೊಳ್ಳುತ್ತಾರೆ. "ತಪ್ಪಾಯ್ತು ಕಂದಾ, ತಪ್ಪಾಯ್ತು," ಎನ್ನುತ್ತ ಅವಳ ಮುಖ ಒರೆಸುತ್ತಾರೆ.

ಐವತ್ತೊಂದು ನಿಮಿಷ.

ಮೇಡಂ ಮೆಟ್ಟಿಲ ಮೇಲೆ ಕುಸಿದು ಕೂರುತ್ತಾರೆ, ಬೆಳಿಗ್ಗೆ ಹಗ್ಗ ಕಟ್ಟಿಕೊಂಡ ಅದೇ ಮೆಟ್ಟಿಲು. ಅಜ್ಜಿ ಕೊಟ್ಟ ನೀರನ್ನು ಕುಡಿಯದೆ ಕೈಯಲ್ಲೇ ಹಿಡಿದಿದ್ದಾರೆ. ನನ್ನ ಕಡೆ ತಿರುಗುತ್ತಾರೆ.

"ಮೂವತ್ತೊಂದು ವರ್ಷ ಸಾರ್. ನೂರಾರು ದಾರಿ ಅಳೆದಿದ್ದೀನಿ. ಎಲ್ಲಾನೂ ಶಾಲೆ ಕಡೆಗೇ. ಒಂದು ಸಲವೂ, ಒಂದೇ ಒಂದು ಸಲವೂ, ಮನೆ ಕಡೆಗೆ ಅಳೆದಿಲ್ಲ. ನಮೂನೇಲೂ ಹಾಗೇ ಇದೆ, 'ಮನೆಯಿಂದ ಶಾಲೆಗೆ'. ನಮಗೆಲ್ಲ ಮಗು ಶಾಲೆಗೆ ಬಂದ್ರೆ ಮುಗೀತು. ಆಮೇಲೆ ಅದು ಹೆಂಗೆ ಹೋಗುತ್ತೆ ಅಂತ ಯಾರ ತಲೆಗೂ ಬಂದಿಲ್ಲ." ಒಂದು ಗುಟುಕು ನೀರು ಕುಡಿಯುತ್ತಾರೆ. "ಆ ಮೂವರು ಹತ್ತೊಂಬತ್ತು ದಿನ ಬೆಲ್ಲಿಗೆ ಮುಂಚೆ ಬಂದರಲ್ಲ, ಯಾಕೆ ಬಿಟ್ಟರು ಅಂತ ಕೇಳ್ತಿದ್ದೆನಲ್ಲ. ಬೆಳಿಗ್ಗೆ ಬರೋದು ಕಷ್ಟ ಆಗಿರಲಿಲ್ಲ ಅವರಿಗೆ."

ಆ ಮೂವರು ಬಿಟ್ಟದ್ದು ಇದೇ ಕಾರಣಕ್ಕೆ ಎಂದು ಖಾತ್ರಿಯಾಗಿ ಹೇಳುವವರು ಈಗ ಯಾರೂ ಇಲ್ಲ. ಮೇಡಂಗೂ ಅದು ಗೊತ್ತು. ಆದರೂ ಅವರ ಮುಖದಲ್ಲಿ, ಎರಡು ವರ್ಷದಿಂದ ಹುಡುಕುತ್ತಿದ್ದುದು ಕೈಗೆ ಸಿಕ್ಕಿದೆ, ಯಾಕಾದರೂ ಸಿಕ್ಕಿತೋ ಎಂಬ ಭಾವವಿದೆ.

ಅಷ್ಟರಲ್ಲಿ ಅಮ್ಮನ ಫೋನು, ಆಸ್ಪತ್ರೆಯಿಂದ. ಅಜ್ಜಿ ಫೋನನ್ನು ಎಲ್ಲರಿಗೂ ಕೇಳುವ ಹಾಗೆ ಹಿಡಿಯುತ್ತಾರೆ. "ಹೆಂಗಿತ್ತು ಪುಟಾಣಿ ದೊಡ್ಡ ಶಾಲೆ?"

"ಚೆನ್ನಾಗಿದೆ ಅಮ್ಮಾ. ನಂಗೆ ನಾಲ್ಕು ಜನ ಫ್ರೆಂಡ್ಸು. ಒಬ್ಬಳು ಪೆನ್ಸಿಲ್ ಕೊಟ್ಟಳು."

"ನಾಳೆಯಿಂದ ಅಲ್ಲಿಗೇ ಹೋಗ್ತೀಯಾ ಹಾಗಾದ್ರೆ?"

ಪುಟಾಣಿ ಯೋಚಿಸುತ್ತಾಳೆ. ಹಲ್ಲಿಲ್ಲದ ಜಾಗಕ್ಕೆ ನಾಲಿಗೆ ಹಾಕಿ, ಮತ್ತೂ ಯೋಚಿಸುತ್ತಾಳೆ. "ಶಾಲೆ ಬೇಕು. ದಾರಿ ಬೇಡ."

ಆ ಕಡೆ ಅಮ್ಮ, ಸಂಜೆ ಮಾತಾಡೋಣ ಎಂದು ಫೋನಿಡುತ್ತಾರೆ. ಈ ಕಡೆ ಅಜ್ಜಿ ಗೆದ್ದೆ ಎಂದು ಹೇಳಲು ಬಾಯಿ ತೆರೆದು, ಮೊಮ್ಮಗಳ ಮುಖ ನೋಡಿ, ಮುಚ್ಚಿಕೊಳ್ಳುತ್ತಾರೆ. ನಾನು ಮೇಡಂ ಕಡೆ ನೋಡುತ್ತೇನೆ. ನಮೂನೆಯಲ್ಲಿ ಇದಕ್ಕೆ ಚೌಕವಿಲ್ಲ.

ಕಚೇರಿಗೆ ಮರಳಿದಾಗ ನಾಲ್ಕು ಗಂಟೆ ಹತ್ತು ನಿಮಿಷ. ಮೇಡಂ ಕೈ ತೊಳೆದು ಬಂದು, ಮೇಜಿನ ಖಾನೆಯಿಂದ ಮರದ ಅಡಿಪಟ್ಟಿ ತೆಗೆಯುತ್ತಾರೆ. "ಮನೆಯಿಂದ ಶಾಲೆಗೆ" ಎಂಬ ಅಂಕಣದಲ್ಲಿ ಪ್ರಾಮಾಣಿಕವಾಗಿ ಇಪ್ಪತ್ತಾರು ಎಂದು ಬರೆಯುತ್ತಾರೆ. ಅದರ ಪಕ್ಕದಲ್ಲಿ ಪಟ್ಟಿಯಿಟ್ಟು ಒಂದು ಗೆರೆ, ಮತ್ತೊಂದು ಗೆರೆ. ಹೊಸ ಅಂಕಣದ ತಲೆಗೆ, ಹಳೇ ಸಾಹೇಬರು ಮೆಚ್ಚುವಂಥ ದುಂಡಗಿನ ಅಕ್ಷರದಲ್ಲಿ "ಶಾಲೆಯಿಂದ ಮನೆಗೆ" ಎಂದು ಬರೆದು, ಕೆಳಗೆ ಐವತ್ತೊಂದು ಎಂದು ತುಂಬುತ್ತಾರೆ. ಮುಚ್ಚಬಾರದು ಎಂಬ ಚೌಕದಲ್ಲಿ ಗುರುತು ಹಾಕುತ್ತಾರೆ. ಅಷ್ಟಕ್ಕೇ ಬಿಡದೆ, ಖಾಲಿ ಜಾಗದಲ್ಲಿ ಸಣ್ಣಗೆ ಎರಡು ಸಾಲು: ದೊಡ್ಡ ಶಾಲೆಯ ಒಂದನೇ ತರಗತಿಯಿಂದ ಇಪ್ಪತ್ತು ಮಕ್ಕಳನ್ನು, ಒಬ್ಬ ಶಿಕ್ಷಕರನ್ನು, ವ್ಯಾನಿನಲ್ಲಿ ಈ ಕಡೆಗೇ ಕಳಿಸಬಹುದೇ ಎಂದು ಪರಿಶೀಲಿಸಬೇಕಾಗಿ ವಿನಂತಿ. ಇಪ್ಪತ್ತಕ್ಕಿಂತ ಕಡಿಮೆ ಮಕ್ಕಳಿಗೆ ವ್ಯಾನು ಮಂಜೂರಾಗುವುದಿಲ್ಲವಂತೆ.

"ಒಪ್ತಾರಾ?" ಎಂದು ಕೇಳುತ್ತೇನೆ.

"ಕಂಪ್ಯೂಟರ್ ಅಂತೂ ಒಪ್ಪಲ್ಲ. ಅದಕ್ಕೆ ಇಷ್ಟೇ ಅಂಕಣ ಅಂತ ಇದೆ. ಅಣ್ಣನ ಕೈಲಿ ಕಾಗದ ಕಳಿಸ್ತೀನಿ. ಹರಿದು ಹಾಕ್ತಾರೋ, ನನ್ನನ್ನೇ ಎತ್ತಂಗಡಿ ಮಾಡ್ತಾರೋ, ಗೊತ್ತಿಲ್ಲ. ನಾಳೆ ಆ ದೊಡ್ಡ ಶಾಲೆಯ ತಾಯಂದಿರು ನಮ್ಮ ಮಕ್ಕಳು ಯಾಕೆ ಹೋಗಬೇಕು ಅಂತ ಮೇಜು ಕುಟ್ತಾರೆ. ಅವರು ಕೇಳೋದೂ ಸರಿಯೇ." ಸಹಿ ಮಾಡಿ ಪೆನ್ನಿನ ಮುಚ್ಚಳ ಹಾಕುತ್ತಾರೆ. "ಈ ಕೆಲಸ ಏನು ಅಂತ ಬೆಳಿಗ್ಗೆಯಿಂದ ಕೇಳ್ತಿದ್ದೀರಿ. ನಾನು ಸೇರಿದಾಗ ಗೊತ್ತಿತ್ತು. ಈಗ ಗೊತ್ತಿಲ್ಲ. ಊರು ಬದಲಾಗ್ತಾ ಹೋಯ್ತು, ನಾನು ಹಿಂದೆ ಹಿಂದೆ ಓಡ್ತಾ ಬಂದೆ."

ಚಾಲಕರು ಲಕೋಟೆ ಹಿಡಿದು ಹೊರಡುತ್ತಾರೆ. ಮಧ್ಯಾಹ್ನ ಕಲ್ಲು ಹೃದಯ ಎಂದಿದ್ದವರು ಇವರೇ. ಈಗ ಬಾಗಿಲಲ್ಲಿ ನಿಂತು, "ಹಗ್ಗ ಕೊಡಿ ಮೇಡಂ, ಒಗೆದಿಡ್ತೀನಿ," ಎಂದಷ್ಟೇ ಹೇಳುತ್ತಾರೆ. ಮೇಡಂ ಚೀಲದಿಂದ ಹಗ್ಗ ತೆಗೆದು ನೋಡಿ, "ಇರಲಿ ಬಿಡಿ ಅಣ್ಣ, ಇನ್ಮೇಲೆ ಇದು ಬೇಡ. ಮಗುವಿನ ಹಿಂದೆ ನಡೆದ್ರೆ ಸಾಕು," ಎನ್ನುತ್ತಾರೆ.

ಹೊರಡುವ ಮುನ್ನ, ಇಂಥ ಲೇಖನಗಳಲ್ಲಿ ಕೊನೆಗೆ ಕೇಳುವ ಪ್ರಶ್ನೆಯನ್ನು ನಾನೂ ಕೇಳುತ್ತೇನೆ: ನಿಮ್ಮ ಆಸೆ ಏನು? ಪ್ರಶಸ್ತಿಯೋ, ಬಡ್ತಿಯೋ, ಒಂದು ವಾರದ ರಜೆಯೋ ಎಂದು ಅವರು ಹೇಳಬಹುದೆಂದು ಕಾಯುತ್ತೇನೆ. ಮೇಡಂ ಗಾಜಿನ ಕೆಳಗಿನ ಹಾಜರಿ ಪಟ್ಟಿಯ ಮೇಲೆ ಬೆರಳಿಟ್ಟು, ಹತ್ತೊಂಬತ್ತು ಗುರುತುಗಳ ಉದ್ದಕ್ಕೂ ನಿಧಾನವಾಗಿ ಎಳೆಯುತ್ತಾರೆ.

"ಪೇಪರಲ್ಲಿ ಬರುತ್ತಲ್ಲ ಇದು? ಅವರ ಅಪ್ಪನ ಕಣ್ಣಿಗೆ ಎಲ್ಲಾದ್ರೂ ಬಿದ್ದರೂ ಬೀಳಬಹುದು. ಇಬ್ಬರು ಅಣ್ಣಂದಿರು, ಒಬ್ಬಳು ತಂಗಿ, ಎಲ್ಲಿದ್ರೂ ಹತ್ತಿರದ ಶಾಲೆಗೆ ಸೇರಿಸಿ ಅಂತ ಬರೀರಿ. ತಡ ಮಾಡಿದ್ದು ನಿಮ್ಮ ಮಕ್ಕಳಲ್ಲ, ಮೇಡಂ ಅಂತ ಬರೀರಿ."

ಬರೆದಿದ್ದೇನೆ.